ಅಪ್‌ಡೇಟ್: 29ನೇ ವಯಸ್ಸಿಗೇ ಸೊಂಟದ ಕೀಲು ಬದಲಿಸಿಕೊಂಡೆ

ಹಿಂದೆ ಇಲ್ಲೇ ದಾವಣಗೆರೆಯಿಂದ ಕೇಳಿದ್ದೆನಲ್ಲ, ನನಗೆ ಕುಬ್ಜತೆ ಇದೆ, ಎತ್ತರ 3 ಅಡಿ 10 ಇಂಚು, ಬಲಗಡೆ ಹಿಪ್ ಪೂರ್ತಿ ಸವೆದಿದೆ, ಆಪರೇಷನ್ ಈಗಲೇ ಮಾಡಿಸಲಾ, ಇನ್ನಷ್ಟು ವರ್ಷ ತಳ್ಳಲಾ ಅಂತ. ಮಾಡಿಸಿಕೊಂಡೆ. ಇವತ್ತಿಗೆ ಒಂಬತ್ತು ವಾರ.

ಮೊದಲು ತೋರಿಸಿದ ಕಡೆ "ಇನ್ನೂ ಚಿಕ್ಕ ವಯಸ್ಸು" ಅಂತ ನೋವಿನ ಮಾತ್ರೆ ಬರೆದು ಕಳಿಸಿದ್ದರು. ಎರಡನೇ ಡಾಕ್ಟರು ಸಿ.ಟಿ. ಸ್ಕ್ಯಾನ್ ಮಾಡಿಸಿ ತೊಡೆಮೂಳೆಯ ಒಳಗಿನ ಟೊಳ್ಳು ಅಳೆದರು. ನಮ್ಮಂಥವರದ್ದು ಸಪೂರ, ಕೆಲವರದ್ದು ಬಾಗಿಯೂ ಇರುತ್ತೆ. ಮಾಮೂಲಿ ಸೈಜಿನ ಇಂಪ್ಲಾಂಟ್ (ಕೃತಕ ಕೀಲು) ತೂರಿಸಿದರೆ ಮೂಳೆ ಸೀಳಬಹುದು. ಹಾಗಾಗಿ ತೀರಾ ಸಣ್ಣ ಸೈಜು ತರಿಸಿದರು, ಅದಕ್ಕೇ ಮೂರು ವಾರ ಕಾದೆ. ಸೊಂಟದ ಆಪರೇಷನ್ನಿಗೆ ಕತ್ತಿನ ಎಕ್ಸ್‌ರೇ ಯಾಕಪ್ಪಾ ಅಂದುಕೊಂಡಿದ್ದೆ. ಕೆಲವು ಬಗೆಯ ಕುಬ್ಜತೆಯಲ್ಲಿ ಕತ್ತಿನ ಮೂಳೆಗಳು ಸಡಿಲ ಇರುತ್ತವಂತೆ, ಅರಿವಳಿಕೆ ಕೊಡುವಾಗ ಜೋಪಾನ ಬೇಕು.

ಮನೆಗೆ ಬಂದ ಮೇಲಿನದ್ದು ಬೇರೆಯೇ ಕಥೆ. ಡಿಸ್ಚಾರ್ಜ್ ಚೀಟಿಯಲ್ಲಿ "ಎತ್ತರದ ಕಮೋಡ್, ಎತ್ತರದ ಕುರ್ಚಿ ಬಳಸಿ" ಅಂತಿತ್ತು. ಅದರ ಮೇಲೆ ನಾನು ಕೂತರೆ ಕಾಲು ಗಾಳಿಯಲ್ಲಿ! ಅಣ್ಣ ಕಾಲಡಿಗೆ ಹಲಗೆ ಜೋಡಿಸಿಕೊಟ್ಟ. ವಾಕರ್ ಅಂತೂ ಮಕ್ಕಳದ್ದೇ, ಪಿ.ಜೆ. ಬಡಾವಣೆಯಲ್ಲಿ ನಾಲ್ಕು ಮೆಡಿಕಲ್ ಅಂಗಡಿ ಸುತ್ತಿದ ಮೇಲೆ ಸಿಕ್ಕಿತು.

ಈ ವಯಸ್ಸಿಗೆ ಹಾಕಿಸಿಕೊಂಡರೆ ಮುಂದೊಮ್ಮೆ ಮತ್ತೆ ಬದಲಿಸಬೇಕಾಗಬಹುದು, ಗೊತ್ತು. ಆದರೆ ರಾತ್ರಿ ನಿದ್ದೆ ಬರ್ತಿದೆ, ನನಗೆ ಅಷ್ಟು ಸಾಕು. ಮೊನ್ನೆ ಬೆಣ್ಣೆದೋಸೆ ತಿನ್ನೋಕೆ ಕೋಲು ಹಿಡಿದು ನಡೆದೇ ಹೋದೆ. ಈಗ ಎಡಗಡೆಯದು ಗೊಣಗೋಕೆ ಶುರು ಮಾಡಿದೆ.