ಮಗು ತನ್ನ ಹಾಸಿಗೆಯಲ್ಲೇ ಮಲಗೋಕೆ ನೀವೇನು ಮಾಡಿದಿರಿ?

ಕೇಳಿದವರು:
ಮಗನಿಗೆ ಮೂರು ವರ್ಷ ನಾಲ್ಕು ತಿಂಗಳು. ಒಂದು ವರ್ಷ ತುಂಬಿದಾಗಿನಿಂದ ನಮ್ಮಿಬ್ಬರ ಮಧ್ಯೆಯೇ ಮಲಗಿ ಅಭ್ಯಾಸ. ಹೋದ ತಿಂಗಳು ಪಕ್ಕದ ಕೋಣೆಯಲ್ಲಿ ಅವನಿಗೇ ಅಂತ ಪುಟ್ಟ ಮಂಚ ಹಾಕಿದೆವು. ಹಗಲು ಅದರ ಮೇಲೆ ಕುಣಿಯುತ್ತಾನೆ, ಗೊಂಬೆಗಳಿಗೆಲ್ಲ ಹೊದಿಸಿ ಮಲಗಿಸುತ್ತಾನೆ. ರಾತ್ರಿ ಮಾತ್ರ ಆ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಕಿವಿ ಹಿಡಿದುಕೊಂಡರೇ ಅವನಿಗೆ ನಿದ್ದೆ. ಮೂರು ರಾತ್ರಿ ಅಲ್ಲೇ ಮಲಗಿಸಿ, ಬಾಗಿಲು ಮುಂದೆ ಮಾಡಿ ಬಂದೆವು. ಬಿಕ್ಕಿ ಬಿಕ್ಕಿ ಅತ್ತು ವಾಂತಿ ಮಾಡಿಕೊಂಡ. ನಾಲ್ಕನೇ ರಾತ್ರಿ ನನಗೇ ತಡೆಯಲಾಗದೆ ಎತ್ತಿಕೊಂಡು ಬಂದುಬಿಟ್ಟೆ. ಈಗ ನನಗೆ ಐದು ತಿಂಗಳು, ಇನ್ನೊಂದು ಮಗು ಬರುವಷ್ಟರಲ್ಲಿ ಇದೊಂದು ಆಗಬೇಕು. ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದಿರಿ? ಎಷ್ಟು ದಿನ ಹಿಡಿಯಿತು? ಅಳಿಸದೆ ಆಗುತ್ತಾ?

ಇಬ್ಬರು ಮಕ್ಕಳ ಅಮ್ಮ:
ಕಿವಿ ಅಂದ ತಕ್ಷಣ ನನ್ನ ದೊಡ್ಡವಳು ಕಣ್ಣ ಮುಂದೆ ಬಂದಳು. ಅವಳಿಗೆ ಕಿವಿ ಅಲ್ಲ, ಮೊಣಕೈ. ಕೈ ಚಾಚಿದಾಗ ಮೊಣಕೈ ಮೇಲೆ ಸಡಿಲವಾಗಿ ಸುಕ್ಕುಗಟ್ಟುವ ಚರ್ಮ ಇದೆಯಲ್ಲ, ಅದನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಾ ಉಜ್ಜುತ್ತಾ ಹಾಗೇ ನಿದ್ದೆ ಹೋಗುತ್ತಿದ್ದಳು. ನಾನು ಮೆತ್ತಗೆ ಕೈ ಎಳೆದುಕೊಂಡರೆ ಕಣ್ಣು ಮುಚ್ಚಿಕೊಂಡೇ ಹುಡುಕುತ್ತಿದ್ದಳು.

ನೀವು ಮಾಡಿದ್ದನ್ನೇ ನಾವೂ ಮಾಡಿದೆವು, ಅದಕ್ಕೇ ಹೇಳುತ್ತಿದ್ದೇನೆ. ಮಂಚ ಹೊಸದು, ಕೋಣೆ ಹೊಸದು, ಪಕ್ಕದಲ್ಲಿ ಅಮ್ಮನೂ ಇಲ್ಲ. ಮೂರೂ ಒಂದೇ ರಾತ್ರಿ. ದೊಡ್ಡವರಿಗೇ ಜಾಗ ಬದಲಾದರೆ ನಿದ್ದೆ ಹತ್ತುವುದಿಲ್ಲ, ಅಲ್ವಾ? ಆಮೇಲೆ ಮಕ್ಕಳ ಡಾಕ್ಟರ್ ಒಬ್ಬರು ವಿವರಿಸಿದ ಮೇಲೆ ನನಗೆ ಗೊತ್ತಾಯಿತು. ನಾವೆಲ್ಲ ರಾತ್ರಿಯಿಡೀ ಒಂದೇ ಸಮನೆ ನಿದ್ದೆ ಮಾಡುವುದಿಲ್ಲವಂತೆ. ನಿದ್ದೆ ಸುತ್ತು ಸುತ್ತಾಗಿ ಬರುತ್ತದೆ, ದೊಡ್ಡವರಿಗೆ ಸುಮಾರು ಒಂದೂವರೆ ಗಂಟೆಗೆ ಒಂದು ಸುತ್ತು, ಪುಟ್ಟ ಮಕ್ಕಳಿಗೆ ಅದಕ್ಕಿಂತ ಕಡಿಮೆ. ಸುತ್ತು ಮುಗಿದಾಗ ಅರೆ ಎಚ್ಚರ ಆಗಿಯೇ ಆಗುತ್ತದೆ. ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಗ್ಗೆ ಅದರ ನೆನಪೂ ಇರುವುದಿಲ್ಲ. ಮಗು ಹಾಗಲ್ಲ. ನಿದ್ದೆ ಹತ್ತುವಾಗ ಏನಿತ್ತೋ ಅದು ಈಗಲೂ ಇದೆಯಾ ಅಂತ ಹುಡುಕುತ್ತದೆ. ಮೊಣಕೈ ಇಲ್ಲ ಅಂದರೆ ಎದ್ದು ಕೂರುತ್ತದೆ. ಹಾಗಾಗಿ ನೀವು ಬಿಡಿಸಬೇಕಾಗಿರುವುದು ನಿಮ್ಮ ಮಂಚವನ್ನಲ್ಲ, ಕಿವಿಯನ್ನು. ಮಂಚ ಸುಲಭ. ಕಿವಿಗೆ ಸಮಯ ಬೇಕು.

ನಾವು ಮೊದಲು ಮಗಳ ಮಂಚವನ್ನು ನಮ್ಮ ಕೋಣೆಗೇ ತಂದೆವು, ನಮ್ಮ ಮಂಚಕ್ಕೆ ಅಂಟಿಸಿ, ಮಧ್ಯೆ ಸಂದು ಇಲ್ಲದ ಹಾಗೆ. ಮೊಣಕೈ ಧಾರಾಳವಾಗಿ ಕೊಟ್ಟೆ. ಹತ್ತು ದಿನ ಬೇರೆ ಏನೂ ಬದಲಿಸಲಿಲ್ಲ, ಅವಳ ಹಾಸಿಗೆ ಮಾತ್ರ ಅವಳದ್ದಾಯಿತು. ಆಮೇಲೆ ನನ್ನ ದಿಂಬಿನ ಹಳೇ ಕವರ್ ಒಂದನ್ನು, ಒಗೆಯದೆ, ನನ್ನ ವಾಸನೆ ಇದ್ದದ್ದನ್ನೇ, ಅವಳ ಕೈಗೆ ಕೊಟ್ಟೆ. ಮೊದಲು ಮೊಣಕೈ ಜೊತೆಗೆ ಅದು, ಆಮೇಲೆ ಮೊಣಕೈ ಬದಲು ಅದು. ಅದರ ಮೂಲೆಯ ಹೊಲಿಗೆ ಗಂಟನ್ನು ಅವಳು ಅದೇ ಥರ ಉಜ್ಜೋಕೆ ಶುರು ಮಾಡಿದ ದಿನ ನನಗೆ ಕಣ್ಣಲ್ಲಿ ನೀರು ಬಂತು. ಖುಷಿಗೋ ಬೇಜಾರಿಗೋ ಗೊತ್ತಿಲ್ಲ.

ಅದಾದ ಮೇಲೆ ಮಂಚವನ್ನು ಗೋಡೆ ಕಡೆಗೆ ಸರಿಸಿದೆವು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ಕೂರುತ್ತಿದ್ದೆ, ಮುಟ್ಟುತ್ತಿರಲಿಲ್ಲ, ಮಾತೂ ಇಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಕುರ್ಚಿ ಒಂದು ಹೆಜ್ಜೆ ಹಿಂದೆ. ಕೋಣೆ ಬದಲಿಸಿದ್ದು ಎಲ್ಲಕ್ಕಿಂತ ಕೊನೆಗೆ, ಅಷ್ಟು ಹೊತ್ತಿಗೆ ಅವಳೇ ಗೊಂಬೆಗಳನ್ನು ಹೊತ್ತುಕೊಂಡು ಹೋದಳು. ಒಟ್ಟು ಏಳು ವಾರ ಆಯಿತು. ಅಳಲೇ ಇಲ್ಲ ಅಂತ ಹೇಳಿದರೆ ಸುಳ್ಳು. ಅತ್ತಳು, ಆದರೆ ನಾನು ಎದುರಿಗಿದ್ದಾಗ ಅತ್ತಳು. ವಾಂತಿ ಆಗುವಷ್ಟು ಒಬ್ಬಳೇ ಅಳಲಿಲ್ಲ. ಅಳೋಕೆ ಬಿಟ್ಟು ಮೂರು ದಿನದಲ್ಲಿ ಸರಿ ಮಾಡಿದವರೂ ಇದ್ದಾರೆ, ಅವರ ಮಕ್ಕಳೂ ಚೆನ್ನಾಗಿಯೇ ಇದ್ದಾರೆ. ನನ್ನ ಮಗಳಿಗೆ ಅದು ಒಗ್ಗಲಿಲ್ಲ, ನಿಮ್ಮ ಮಗನಿಗೂ ಒಗ್ಗಲಿಲ್ಲ ಅಂತ ಕಾಣುತ್ತದೆ.

ನಡುರಾತ್ರಿ ಎದ್ದು ಬಂದಾಗ ಏನು ಮಾಡುತ್ತೀರಿ ಅನ್ನುವುದು ಬಹಳ ಮುಖ್ಯ. ಲೈಟ್ ಹಾಕಬೇಡಿ. ಬೈಯಬೇಡಿ, ಮುದ್ದೂ ಬೇಡ, ಕಥೆಯೂ ಬೇಡ. ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಿ ಮಲಗಿಸಿ, ಪ್ರತಿ ಸಲ ಒಂದೇ ಮಾತು. ನನ್ನದು "ಮಲಗುವ ಹೊತ್ತು ಪುಟ್ಟಿ, ಅಮ್ಮ ಇಲ್ಲೇ ಇದ್ದೀನಿ" ಅಂತ. ಒಂದು ರಾತ್ರಿ ಒಂಬತ್ತು ಸಲ ಬಂದಳು, ಒಂಬತ್ತು ಸಲವೂ ಹೋಗಿ ಮಲಗಿಸಿ ಬಂದೆ. ಹತ್ತನೇ ಸಲ ಬರುತ್ತಾಳೆ ಅಂತ ಕಾದೆ, ಬರಲಿಲ್ಲ. ಎಂಟು ಸಲ ಗಟ್ಟಿಯಾಗಿದ್ದು ಒಂಬತ್ತನೇ ಸಲ ಸೋತು ಪಕ್ಕದಲ್ಲಿ ಮಲಗಿಸಿಕೊಂಡರೆ, ಒಂಬತ್ತು ಸಲ ಬಂದರೆ ಆಗುತ್ತದೆ ಅಂತ ಮಗು ಕಲಿಯುತ್ತದೆ. ಜ್ವರ ಬಂದಾಗ ಮಾತ್ರ ಇದೆಲ್ಲ ಬದಿಗಿಟ್ಟೆ, ಜೊತೆಯಲ್ಲೇ ಮಲಗಿಸಿಕೊಂಡೆ. ವಾಸಿಯಾದ ಮೇಲೆ ಮತ್ತೆ ಕುರ್ಚಿಯಿಂದ ಶುರು. ಆ ಸಲ ನಾಲ್ಕೇ ದಿನ ಸಾಕಾಯಿತು.

ನಿಮ್ಮ ವಿಷಯದಲ್ಲಿ ಇನ್ನೊಂದು ಮಾತು. ಶುರು ಮಾಡುವುದಾದರೆ ಈಗಲೇ ಮಾಡಿ. ಏಳೆಂಟು ತಿಂಗಳಾದ ಮೇಲೆ ಬೇಡ. ಮಗು ಬರುವ ಮುಂಚಿನ ಒಂದು ತಿಂಗಳಲ್ಲಿ ಕಳಿಸಿದರೆ, ಪಾಪು ನನ್ನ ಜಾಗ ಕಿತ್ತುಕೊಂಡಿತು ಅಂತ ಅವನ ಮನಸ್ಸಿಗೆ ಬರುತ್ತದೆ. ಮುಗಿಯಲೇ ಇಲ್ಲ ಅಂದರೆ ಅವನ ಮಂಚ ನಿಮ್ಮ ಕೋಣೆಯಲ್ಲೇ ಇರಲಿ, ತಲೆ ಕೆಡಿಸಿಕೊಳ್ಳಬೇಡಿ. ಆದರೆ ಹೊಸ ಪಾಪುವನ್ನು ಅವನ ಜೊತೆ ಒಂದೇ ಹಾಸಿಗೆಯಲ್ಲಿ ಮಾತ್ರ ಮಲಗಿಸಬೇಡಿ. ನಿದ್ದೆಯಲ್ಲಿ ಅವನ ಕೈಕಾಲು ಎಲ್ಲಿ ಬೀಳುತ್ತದೋ ಗೊತ್ತಾಗುವುದಿಲ್ಲ. ಪಾಪುವಿಗೆ ಅದರದ್ದೇ ಗಟ್ಟಿ, ಸಮತಟ್ಟಾದ ಹಾಸಿಗೆ ಬೇಕು. ಅಂಗಾತ ಮಲಗಿಸಿ, ದಿಂಬು ಬೇಡ.

ಒಬ್ಬ ಅಪ್ಪ:
ಮೇಲಿನವರು ಹೇಳಿದ್ದೆಲ್ಲ ಸರಿ. ನಮ್ಮ ಮನೆಯಲ್ಲಿ ತೊಂದರೆ ಇದ್ದದ್ದು ಗಡಿಯಾರದಲ್ಲಿ. ಮಗನನ್ನು ಎಂಟು ಗಂಟೆಗೆ ಮಲಗಿಸುತ್ತಿದ್ದೆವು, ಅವನಿಗೆ ನಿದ್ದೆ ಬರುತ್ತಿದ್ದದ್ದು ಒಂಬತ್ತೂವರೆಗೆ. ಆ ಒಂದೂವರೆ ಗಂಟೆ ನೀರು, ಉಚ್ಚೆ, ಕಾಲು ನೋವು, ಇನ್ನೊಂದು ಮುತ್ತು, ಆಮೇಲೆ ಅಳು. ನಾವು ಅದನ್ನು ಹಟ ಅಂದುಕೊಂಡೆವು. ಕಣ್ಣಿಗೆ ನಿದ್ದೆಯೇ ಇಲ್ಲದ ಮಗುವನ್ನು ಕತ್ತಲಲ್ಲಿ ಒಂಟಿಯಾಗಿ ಬಿಟ್ಟರೆ ಭಯ ಆಗದೆ ಇನ್ನೇನಾಗುತ್ತದೆ ಹೇಳಿ.

3ರಿಂದ 5 ವರ್ಷದ ಮಕ್ಕಳಿಗೆ ಹಗಲಿನದ್ದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತಾರೆ. ನಮ್ಮವನು ಮಧ್ಯಾಹ್ನ ಮೂರಕ್ಕೆ ಮಲಗಿ ಐದರ ತನಕ ಏಳುತ್ತಿರಲಿಲ್ಲ. ಅದನ್ನು ಬೇಗ ಶುರು ಮಾಡಿಸಿ, ಎರಡು ಗಂಟೆಯ ನಿದ್ದೆಯನ್ನು ಒಂದು ಗಂಟೆಗೆ ಇಳಿಸಿದೆವು. ರಾತ್ರಿ ಮೊದಲು ಒಂಬತ್ತೂವರೆಗೇ ಮಲಗಿಸಿದೆವು, ಹಾಸಿಗೆಗೆ ಹೋದ ಹತ್ತು ನಿಮಿಷಕ್ಕೆ ನಿದ್ದೆ. ಹಾಸಿಗೆ ಅಂದರೆ ನಿದ್ದೆ ಅಂತ ಅಭ್ಯಾಸ ಆದ ಮೇಲೆ ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತಂದೆವು. ಬೆಳಗ್ಗೆ ಏಳುವ ಹೊತ್ತು ಮಾತ್ರ ಯಾವಾಗಲೂ ಒಂದೇ, ರಜೆ ದಿನವೂ. ಮಲಗುವ ಒಂದು ಗಂಟೆ ಮುಂಚೆಯೇ ಟಿವಿ, ಮೊಬೈಲ್ ಬಂದ್.

ಇನ್ನೊಂದು, ಮಲಗಿಸುವ ಕೆಲಸ ಅಪ್ಪನಿಗೆ ಕೊಡಿ. ಅವನಿಗೆ ಬೇಕಾಗಿರುವುದು ನಿಮ್ಮ ಕಿವಿ, ನೀವು ಪಕ್ಕದಲ್ಲಿದ್ದೂ ಕೊಡದಿದ್ದರೆ ಅದು ಜಾಸ್ತಿ ಸಂಕಟ. ನಾನು ಮಲಗಿಸೋಕೆ ಶುರು ಮಾಡಿದಾಗ ಮೊದಲ ಎರಡು ರಾತ್ರಿ "ನೀನು ಬೇಡ, ಅಮ್ಮ" ಅಂತ ದೂಡಿದ. ಮೂರನೇ ರಾತ್ರಿ ನನ್ನ ಹತ್ತಿರ ಬೇರೆ ಥರದ ಕಥೆ ಸಿಗುತ್ತದೆ ಅಂತ ಗೊತ್ತಾಯಿತು. ಹೇಗೂ ಪಾಪು ಬಂದ ಮೇಲೆ ಕೆಲವು ತಿಂಗಳು ರಾತ್ರಿ ಅವನ ಪಾಲಿಗೆ ಅಪ್ಪನೇ.

ನಾಲ್ಕೂವರೆ ವರ್ಷದವಳ ಅಮ್ಮ:
ನಮಗೆ ಉಪಯೋಗ ಆದದ್ದು ಒಂದು ಚೀಟಿ. ಮಲಗುವಾಗ ಮಗುವಿನ ಕೈಗೆ ಒಂದು ಕಾರ್ಡ್ ಕೊಡುವುದು. ಅದನ್ನು ಕೊಟ್ಟು ಒಂದೇ ಒಂದು ಸಲ ಹೊರಗೆ ಬರಬಹುದು, ನೀರಿಗೋ ಅಪ್ಪುಗೆಗೋ. ಕಾರ್ಡ್ ಮುಗಿದರೆ ಆವತ್ತಿಗೆ ಮುಗಿಯಿತು. ಇದು ನಮ್ಮ ಕಲ್ಪನೆ ಅಲ್ಲ, 1999ರಲ್ಲೇ ಅಮೆರಿಕದ ಮನಃಶಾಸ್ತ್ರಜ್ಞರು ಮಕ್ಕಳ ಮೇಲೆ ಪ್ರಯೋಗ ಮಾಡಿ ಬರೆದಿದ್ದಾರೆ. ಮೂರು ವರ್ಷ ದಾಟಿ ಮಾತು ಅರ್ಥ ಆಗುವ ಮಕ್ಕಳಿಗೆ ಒಪ್ಪುತ್ತದೆ. ನನ್ನ ಮಗಳು ಕಾರ್ಡ್ ಮೇಲೆ ಚಂದಮಾಮ ಬರೆದಿದ್ದಳು. ಮೊದಲ ವಾರ ಪ್ರತಿ ರಾತ್ರಿ ಖರ್ಚು ಮಾಡಿದಳು. ಆಮೇಲೆ, ತೀರಾ ಬೇಕಾದರೆ ಇರಲಿ ಅಂತ ಉಳಿಸಿಕೊಂಡು, ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುತ್ತಿದ್ದಳು. ಬೆಳಗ್ಗೆ ಕಾರ್ಡ್ ಬೆವರಿಗೆ ಮೆತ್ತಗಾಗಿರುತ್ತಿತ್ತು. ಹೊರಗೆ ಬರೋಕೆ ದಾರಿ ಇದೆ ಅಂತ ಗೊತ್ತಿದ್ದರೆ ಅಷ್ಟೇ ಸಾಕಿತ್ತು ಅವಳಿಗೆ.

ಒಬ್ಬರು ಅಜ್ಜಿ:
ಮನೆಯಲ್ಲಿ ದೊಡ್ಡವರಿದ್ದರೆ ಮೊದಲೇ ಕೂರಿಸಿ ಹೇಳಿಬಿಡಮ್ಮ. ಮೊಮ್ಮಗ ಅತ್ತರೆ ನನಗೆ ಕರುಳು ಹಿಂಡಿದ ಹಾಗೆ ಆಗುತ್ತಿತ್ತು, ಸೊಸೆ ಮಲಗಿದ ಮೇಲೆ ನನ್ನ ಪಕ್ಕ ತಂದು ಮಲಗಿಸಿಕೊಳ್ಳುತ್ತಿದ್ದೆ. ಪಾಪ, ಅವಳ ಒಂದು ತಿಂಗಳ ಕಷ್ಟ ಹಾಳಾಯಿತು. ಮಗುವಿಗೂ ಯಾವುದು ನಿಜ ಅಂತ ಗೊತ್ತಾಗಲಿಲ್ಲ. ಒಂದು ದಿನ ಅವಳೇ ಹತ್ತಿರ ಕೂತು ಯಾಕೆ ಹೀಗೆ ಮಾಡುತ್ತಿದ್ದೇನೆ ಅಂತ ಬಿಡಿಸಿ ಹೇಳಿದಳು, ಆಮೇಲೆ ನಾನೂ ಗಟ್ಟಿಯಾದೆ. ಸಂಜೆ ಕಥೆ ಹೇಳುವ ಕೆಲಸ ನನಗೆ ಕೊಟ್ಟಳು. ಅವನ ಹಾಸಿಗೆ ಮೇಲೆ ಕೂತೇ ಹೇಳಬೇಕು ಅಂತ ಮಾತಾಯಿತು. ಅಷ್ಟು ಸಿಕ್ಕಿತಲ್ಲ ನನಗೆ.

ಅವಳಿ ಮಕ್ಕಳ ಅಮ್ಮ:
ಎರಡು ವಿಷಯ ಯಾರೂ ಹೇಳಿಲ್ಲ. ಮಲಗಿ ಒಂದೆರಡು ಗಂಟೆ ಆದ ಮೇಲೆ ಮಗು ಇದ್ದಕ್ಕಿದ್ದ ಹಾಗೆ ಕಿರುಚಿ, ಕಣ್ಣು ಬಿಟ್ಟಿದ್ದರೂ ನಿಮ್ಮನ್ನು ಗುರುತಿಸದೆ ಒದ್ದಾಡಿದರೆ ಅದು ಹೊಸ ಹಾಸಿಗೆಯ ಭಯ ಅಲ್ಲ. ಗಾಢ ನಿದ್ದೆಯಲ್ಲಿ ಆಗುವಂಥದ್ದು, ಈ ವಯಸ್ಸಲ್ಲಿ ಕೆಲವರಿಗೆ ಬರುತ್ತದೆ, ಬೆಳಗ್ಗೆ ನೆನಪಿರುವುದಿಲ್ಲ. ಅಲುಗಾಡಿಸಿ ಎಬ್ಬಿಸಬೇಡಿ, ಬಿದ್ದು ಪೆಟ್ಟಾಗದ ಹಾಗೆ ಪಕ್ಕದಲ್ಲಿರಿ, ತಾನಾಗಿ ನಿಲ್ಲುತ್ತದೆ. ಕೆಟ್ಟ ಕನಸು ಬೇರೆ. ಅದು ಜಾಸ್ತಿ ಬೆಳಗಿನ ಜಾವ ಬರುವುದು, ಎಚ್ಚರ ಆಗಿ ಅಮ್ಮನನ್ನು ಕರೆಯುತ್ತಾರೆ, ಆಗ ಹೋಗಿ ತಬ್ಬಿಕೊಳ್ಳಿ. ಎರಡನೆಯದು ಗೊರಕೆ. ನನ್ನ ಒಬ್ಬ ಮಗ ದಿನಾ ಗೊರಕೆ ಹೊಡೆಯುತ್ತಿದ್ದ, ಬಾಯಿ ತೆರೆದು ಉಸಿರಾಡುತ್ತಿದ್ದ, ಗಂಟೆಗೊಮ್ಮೆ ಏಳುತ್ತಿದ್ದ. ನಾವು ಹಾಸಿಗೆಯನ್ನೇ ದೂರಿದೆವು. ಕೊನೆಗೆ ನೋಡಿದರೆ ಮಕ್ಕಳಿಗೆಲ್ಲ ಮೂಗಿನ ಹಿಂದೆ ಇರುವ ಅಡಿನಾಯ್ಡ್ ಅನ್ನುವ ಗ್ರಂಥಿ ಅವನಿಗೆ ದೊಡ್ಡದಾಗಿತ್ತು. ಅಂಥದ್ದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಒಬ್ಬನೇ ಇರುವ ಕೋಣೆ ಅಂದ ಮೇಲೆ ಬೀರು, ಕಪಾಟನ್ನೆಲ್ಲ ಗೋಡೆಗೆ ಬಿಗಿಸಿ, ಮಕ್ಕಳು ಹತ್ತಿ ಎಳೆದುಕೊಳ್ಳುತ್ತಾರೆ. ಮಂಚ ಕಿಟಕಿಯಿಂದ ದೂರ ಇರಲಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆಯಿತು, ಏನಾಯಿತು ಅಂತ ಹೇಳಲೇಬೇಕು ಅನ್ನಿಸಿತು. ಮಂಚ ನಮ್ಮ ಕೋಣೆಗೆ ಬಂದಿದೆ. ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿದೆವು, ಮಲಗಿಸುವುದು ಈಗ ಇವರೇ. ದಿಂಬಿನ ಕವರ್ ಅವನಿಗೆ ಹಿಡಿಸಲಿಲ್ಲ, ಬಿಸಾಡಿದ. ಆದರೆ ಅವನ ಬಟ್ಟೆ ಆನೆಗೆ ದೊಡ್ಡ ಕಿವಿ ಇದೆ, ನನಗೆ ಹೊಳೆದೇ ಇರಲಿಲ್ಲ. ಇವರು ಅದನ್ನು ತಂದು ಕೈಗೆ ಕೊಟ್ಟರು. ಎರಡು ದಿನ ಆನೆ ಕಿವಿ ಒಂದು ಕೈಯಲ್ಲಿ, ನನ್ನ ಕಿವಿ ಇನ್ನೊಂದು ಕೈಯಲ್ಲಿ. ನಿನ್ನೆ ರಾತ್ರಿ ಎರಡು ಸಲ ಎದ್ದ, ಎರಡು ಸಲವೂ ಅವರು ವಾಪಸ್ ಮಲಗಿಸಿದರು. ಮೂರನೇ ಸಲ ಅವನು ಮಿಸುಕಿದ್ದು ನನಗೆ ಕೇಳಿಸಿತು, ಉಸಿರು ಬಿಗಿ ಹಿಡಿದು ಮಲಗಿದ್ದೆ. ಕತ್ತಲಲ್ಲಿ ಹಾಸಿಗೆ ಮೇಲೆ ಕೈಯಾಡಿಸುವ ಸದ್ದು ಸ್ವಲ್ಪ ಹೊತ್ತು ಬಂತು. ಆಮೇಲೆ ಆನೆ ಸಿಕ್ಕಿರಬೇಕು, ಸದ್ದು ನಿಂತಿತು.