ತೋಟಕ್ಕೆ ಎಟಿವಿ ಬಂದಿದೆ, ತಿರುಗಿಸಿದರೆ ತಿರುಗುವುದಿಲ್ಲ. ಬಲ್ಲವರು ಹೇಳಿ

ಹಿರಿಯಡ್ಕದ ತೋಟದವ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿರುವ ನನ್ನ ಭಾವ ತನ್ನ ಹಳೆಯ ಎಟಿವಿಯನ್ನು (ಗುಡ್ಡ, ಕೆಸರಿನಲ್ಲಿ ಓಡುವ, ಬೈಕಿನಂಥ ಹ್ಯಾಂಡಲಿನ ನಾಲ್ಕು ಚಕ್ರದ ಗಾಡಿ) ಕಳೆದ ತಿಂಗಳು ಪಿಕಪ್‌ನಲ್ಲಿ ಹೇರಿಸಿ ನಮ್ಮ ಮನೆಗೆ ಕಳುಹಿಸಿದರು. ಅಪಾರ್ಟ್‌ಮೆಂಟಿನಲ್ಲಿ ನಿಲ್ಲಿಸಲು ಜಾಗವಿಲ್ಲ, ನಿಮ್ಮ ತೋಟಕ್ಕಾದರೂ ಆದೀತು ಎಂದರು. 125 ಸಿಸಿ, ಚೈನಿನ ಗಾಡಿ. ಗೇರ್ ಎಂದರೆ ಮುಂದೆ, ನ್ಯೂಟ್ರಲ್, ಹಿಂದೆ, ಅಷ್ಟೇ. ಜೊತೆಗೆ ಬರಬೇಕಾದ ಪುಸ್ತಕ ಬಂದಿಲ್ಲ.

ನಮ್ಮ ಮನೆ ಗುಡ್ಡದ ಮೇಲೆ, ಅಡಿಕೆ ತೋಟ ಕೆಳಗೆ ತೋಡಿನ ಬದಿಯಲ್ಲಿ. ನಡುವೆ ಮುರಕಲ್ಲು ಕಡಿದು ಮಾಡಿದ ದಾರಿ. ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದ ಧೈರ್ಯದಲ್ಲಿ ಹತ್ತಿ ಕುಳಿತೆ. ಹ್ಯಾಂಡಲ್ ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ನೇರ ಹೋಗುತ್ತದೆ. ಮೊನ್ನೆ ಗೊಬ್ಬರದ ಗುಂಡಿಯ ಕಟ್ಟೆಗೆ ಮೂತಿ ತಾಗಿಸಿ ನಿಂತಿತು. ಇನ್ನೊಂದು ತೊಂದರೆ, ತೋಟದಿಂದ ಹತ್ತಿ ಬರುವಾಗ ಏರಿನ ಅರ್ಧದಲ್ಲಿ ಎಂಜಿನ್ ಮುಗ್ಗರಿಸಿ ಬಂದ್ ಆಗುತ್ತದೆ. ಟೈರಿನದ್ದೇನೂ ತೊಂದರೆ ಇರಲಾರದು, ಪಿಕಪ್ ಬರುವಾಗಲೇ ದಾರಿಯ ಪಂಕ್ಚರ್ ಅಂಗಡಿಯಲ್ಲಿ ನಾಲ್ಕಕ್ಕೂ 28 ಗಾಳಿ ಹಾಕಿಸಿದ್ದೇನೆ.

ಕೇಳಬೇಕಾದದ್ದು ಇನ್ನೂ ಇದೆ. ಹಿಂದೆ ಅಡಿಕೆ ಗೊನೆ ಹೇರಬಹುದೇ? ಹಾಲಿನ ಡೇರಿಗೆ ಪಂಚಾಯತ್ ರಸ್ತೆಯಲ್ಲಿ ಮುಕ್ಕಾಲು ಕಿಲೋಮೀಟರ್, ಕ್ಯಾನ್ ಕಟ್ಟಿಕೊಂಡು ಹೋಗಬಹುದೇ? ಆರನೇ ತರಗತಿಯ ಮಗಳನ್ನು ಹಿಂದೆ ಕೂರಿಸಬಹುದೇ? ತಂದೆಯವರಿಗೆ 71. ಅವರೂ ಓಡಿಸುತ್ತೇನೆ ಎಂದು ಹಟ ಹಿಡಿದಿದ್ದಾರೆ.

ಸುರತ್ಕಲ್ ಗಾಳಿ

28 ಗಾಳಿಯೇ ಮಾರಾಯರೇ! ಅದು ಎಟಿವಿಯೋ ಫುಟ್‌ಬಾಲೋ? ಉಳಿದದ್ದು ಆಮೇಲೆ, ಮೊದಲು ಅದನ್ನು ಇಳಿಸಿ.

ಪೆರ್ಡೂರಿನ ಹಳೇ ಸ್ಪ್ಯಾನರ್

ರಾಯರೇ, ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನ್ನ ಎಡಗಾಲಿನ ಗಂಟು ಒಮ್ಮೆ ಚುಳ್ಳೆಂದಿತು. ನೀವು ಬರೆದ ಸ್ಕೂಟರ್ ಧೈರ್ಯವೇ ಅದಕ್ಕೆ ಕಾರಣ. ಆ ಕಥೆ ಮೊದಲು ಹೇಳುತ್ತೇನೆ.

2019ರ ಆಟಿ ತಿಂಗಳು. ಅಡಿಕೆಗೆ ಎರಡನೆಯ ಸಲದ ಮದ್ದು ಬಿಡಬೇಕು, ಮಳೆ ಎರಡು ದಿನ ಹೊಳವಾಗಿತ್ತು. ಅಂಗಳದಲ್ಲಿ ಮೈಲುತುತ್ತ, ಸುಣ್ಣ ಬೆರೆಸಿ, 20 ಲೀಟರಿನ ಎರಡು ಕ್ಯಾನಿಗೆ ತುಂಬಿ, ಎಟಿವಿಯ ಹಿಂದಿನ ಕ್ಯಾರಿಯರಿಗೆ ರಬ್ಬರ್ ಹಗ್ಗ ಬಿಗಿದೆ. ಕ್ಯಾರಿಯರಿನ ಮೇಲೆ 20 ಕಿಲೋ ಮಿತಿ ಎಂದು ಚೀಟಿ ಅಂಟಿಸಿದ್ದರು. ಬಸ್ಸಿನೊಳಗೆ ನಿಲ್ಲುವವರ ಸಂಖ್ಯೆ ಬರೆದಿರುತ್ತಾರಲ್ಲ, ಅಂಥದ್ದೇ ಒಂದು ಮಾತು ಎಂದುಕೊಂಡಿದ್ದೆ.

ದಾರಿ ಗುಡ್ಡಕ್ಕೆ ಅಡ್ಡವಾಗಿ ಹೋಗುವ ಕಡೆ ಮುರಕಲ್ಲಿನ ಮೇಲೆ ಪಾಚಿ. ಒಂದು ಕ್ಯಾನು ಪೂರ್ತಿ ತುಂಬಿರಲಿಲ್ಲ, ಮದ್ದು ಒಳಗೇ ಆಚೀಚೆ ಕುಲುಕುತ್ತಿತ್ತು. ಗಾಡಿ ಎಡಕ್ಕೆ ವಾಲಿತು. ನಾನು ಎಡಗಾಲನ್ನು ನೆಲಕ್ಕೆ ಊರಿದೆ. ಸ್ಕೂಟರಿನಲ್ಲಿ ಅದೇ ಸರಿ, ಕಾಲಿನ ಹಿಂದೆ ಏನೂ ಬರುವುದಿಲ್ಲ. ಎಟಿವಿಯಲ್ಲಿ ಕಾಲಿನ ನೇರ ಹಿಂದೆ ಹಿಂದಿನ ಚಕ್ರ ಬರುತ್ತಿರುತ್ತದೆ. ಅದು ನನ್ನ ಹಿಮ್ಮಡಿ ಹತ್ತಿ, ಕಾಲನ್ನು ಅಡಿಗೆ ಎಳೆದುಕೊಂಡು, ನನ್ನನ್ನೂ ತನ್ನನ್ನೂ ಒಟ್ಟಿಗೆ ಕಣಿಗೆ ಹಾಕಿತು. ಕಿಲ್ ಸ್ವಿಚ್ಚಿನ ದಾರವನ್ನು ಕೈಗೆ ಕಟ್ಟಿಕೊಂಡಿರಲಿಲ್ಲ, ಹಾಗಾಗಿ ಮಗುಚಿ ಬಿದ್ದ ಮೇಲೂ ಎಂಜಿನ್ ಓಡುತ್ತಲೇ ಇತ್ತು. ಮನೆಯವಳು ಓಡಿ ಬಂದಾಗ ನಾನು ತಲೆಯಿಂದ ಕಾಲಿನವರೆಗೆ ನೀಲಿ. ಹಾವು ಕಚ್ಚಿ ವಿಷವೇರಿತು ಎಂದು ಅವಳು ಕೂಗಿಕೊಂಡಳು. ಇದು ಕೊಳೆರೋಗದ ಮದ್ದು ಎಂದು ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ. ಆರು ವಾರ ಪ್ಲಾಸ್ಟರ್. ತಲೆ ಉಳಿದದ್ದು ಕಣಿಯಲ್ಲಿ ಕೆಸರು ಇದ್ದುದರಿಂದ, ಹೆಲ್ಮೆಟ್ ಅಟ್ಟದ ಮೇಲಿತ್ತು.

ಆದ್ದರಿಂದ, ಗಾಡಿ ಎತ್ತ ವಾಲಿದರೂ ಪಾದ ಫುಟ್‌ರೆಸ್ಟ್ ಬಿಡಬಾರದು. ಇದು ಮಾತಿನಲ್ಲಿ ಸುಲಭ, ಇಪ್ಪತ್ತು ವರ್ಷದ ಅಭ್ಯಾಸ ಮರೆಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಇನ್ನು ಗಾಡಿ ಯಾಕೆ ತಿರುಗುವುದಿಲ್ಲ ಎಂಬ ಪ್ರಶ್ನೆ. ಕಾರಿನಲ್ಲಿ ಡಿಫರೆನ್ಷಿಯಲ್ ಇರುವುದರಿಂದ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತುತ್ತದೆ, ಒಳಗಿನದು ಕಡಿಮೆ. ನಿಮ್ಮ ಚೈನಿನ ಗಾಡಿಯಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಕೂತಿವೆ, ಎರಡಕ್ಕೂ ಒಂದೇ ಸುತ್ತು. ಉಳುವ ಎತ್ತುಗಳಲ್ಲಿ ಒಳಗಿನದು ನಿಧಾನಿಸಿದರೆ ನೊಗ ತಿರುಗುತ್ತದೆ. ಕಂಬಳದ ಕೋಣಗಳ ಹಾಗೆ ಎರಡೂ ಸಮಸಮ ಓಡಿದರೆ ನೇರ ಗದ್ದೆಯ ಕೊನೆಯ ಮಂಜೊಟ್ಟಿಗೇ. ಒಳಗಿನ ಚಕ್ರ ಸ್ವಲ್ಪ ಜಾರಿಕೊಂಡರೆ ಮಾತ್ರ ನಿಮ್ಮ ಗಾಡಿ ತಿರುಗೀತು, ಅದನ್ನು ಜಾರಿಸುವುದು ನಿಮ್ಮ ಮೈಭಾರ. ತಿರುವಿಗೆ ಮೊದಲೇ ನಿಧಾನಿಸಿ. ಸೀಟಿನಲ್ಲಿ ತುಸು ಮುಂದೆ ಸರಿದು, ಹೊರಬದಿಯ ಪಾದದ ಮೇಲೆ ಭಾರ ಊರಿ, ಸೊಂಟದಿಂದ ಮೇಲಿನ ಮೈಯನ್ನು ತಿರುವಿನ ಒಳಕ್ಕೆ ಬಾಗಿಸಿ. ಅಂಗಳದಲ್ಲಿ ಅಡಿಕೆ ಹರಡಿಲ್ಲದಿದ್ದರೆ ಎರಡು ಗೋಣಿಚೀಲ ಇಟ್ಟು ಎಂಟರ ಆಕಾರದಲ್ಲಿ ಒಂದು ವಾರ ಸುತ್ತಿ. ನೆರೆಯವರು ನಗುತ್ತಾರೆ, ನಗಲಿ.

ಸುರತ್ಕಲಿನವರು ತಮಾಷೆಯಲ್ಲಿ ಹೇಳಿದ್ದು ನಿಜ. ಈ ಟೈರುಗಳು ಕಡಿಮೆ ಗಾಳಿಯಲ್ಲಿ ಚಪ್ಪಟೆಯಾಗಿ ನೆಲ ಹಿಡಿಯಲೆಂದೇ ಮಾಡಿದವು. ಈ ಅಳತೆಯ ಗಾಡಿಗೆ ಸಾಮಾನ್ಯವಾಗಿ ನಾಲ್ಕೈದು ಪಿಎಸ್‌ಐ ಸಾಕು, ಸರಿಯಾದ ಲೆಕ್ಕ ಟೈರಿನ ಮಗ್ಗುಲಲ್ಲೋ ಮಡ್‌ಗಾರ್ಡಿನ ಚೀಟಿಯಲ್ಲೋ ಇರುತ್ತದೆ. 28 ಇದ್ದರೆ ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪಂಕ್ಚರ್ ಅಂಗಡಿಯ ಮೀಟರಿಗೆ ನಾಲ್ಕಕ್ಕೂ ಎಂಟಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕಡಿಮೆ ಒತ್ತಡ ಅಳೆಯುವ ಗೇಜ್ ಒಂದನ್ನು ತರಿಸಿ, ಗಾಳಿಗೆ ಸೈಕಲ್ ಪಂಪ್ ಧಾರಾಳ. ಎಡಬಲ ಎರಡೂ ಒಂದೇ ಇರಲಿ.

ಏರಿನಲ್ಲಿ ನಿಂತುಹೋಗುವುದು ನನಗೆ ತಿರುಗದಿರುವುದಕ್ಕಿಂತ ಹೆಚ್ಚು ಹೆದರಿಕೆಯ ವಿಷಯ. ಎಂಜಿನ್ ಬಂದ್ ಆದ ಕ್ಷಣ ಮುಂದಕ್ಕೆ ಬಾಗಿ ಎರಡೂ ಬ್ರೇಕ್ ಹಿಡಿಯಿರಿ, ಪಾರ್ಕಿಂಗ್ ಬ್ರೇಕ್ ಹಾಕಿ, ಮೇಲ್ಬದಿಯಿಂದ ಇಳಿಯಿರಿ. ಗಾಡಿಯನ್ನು ಹಿಂದಕ್ಕೆ ಉರುಳಲು ಬಿಟ್ಟು ಆಮೇಲೆ ಗಾಬರಿಯಲ್ಲಿ ಹಿಂದಿನ ಬ್ರೇಕ್ ತುಳಿದರೆ ಮುಂದಿನ ಚಕ್ರ ಎದ್ದು ಇಡೀ ಗಾಡಿ ಎದೆಯ ಮೇಲೆ ಬರುತ್ತದೆ. ಇಳಿದ ಮೇಲೆ ಚಕ್ರಕ್ಕೆ ಕಲ್ಲು ಅಡ್ಡ ಇಡಿ. ನಾನು ದಾರಿಯುದ್ದಕ್ಕೂ ಹತ್ತು ಮಾರಿಗೊಂದು ಮುರಕಲ್ಲಿನ ತುಂಡು ಇಟ್ಟುಬಿಟ್ಟಿದ್ದೇನೆ. ಹೊಸಬರು ಗಡಿಕಲ್ಲು ಎಂದುಕೊಂಡು ಯಾರ ವ್ಯಾಜ್ಯ ಎಂದು ಕೇಳುತ್ತಾರೆ.

ಇಳಿಯುವಾಗ ಇನ್ನೊಂದು ಮೋಸವಿದೆ. ನಿಮ್ಮದರ ಕ್ಲಚ್ ತಾನಾಗಿ ಹಿಡಿಯುವಂಥದ್ದು. ಎಂಜಿನ್ ಜೋರಾಗಿ ಸುತ್ತಿದಾಗ ಒಳಗಿನ ಶೂಗಳು ಹರಡಿ ಡ್ರಮ್ಮಿಗೆ ಒತ್ತುತ್ತವೆ, ನಿಧಾನವಾದಾಗ ಬಿಡುತ್ತವೆ. ಆಕ್ಸಿಲರೇಟರಿನಿಂದ ಹೆಬ್ಬೆರಳು ಪೂರ್ತಿ ತೆಗೆದು ಮೆಲ್ಲಗೆ ಇಳಿಯುತ್ತಿದ್ದರೆ ಒಂದು ಹಂತದಲ್ಲಿ ಕ್ಲಚ್ ಬಿಟ್ಟು, ಗಾಡಿ ನ್ಯೂಟ್ರಲಿಗೆ ಬಿದ್ದ ಹಾಗೆ ಸರ್ರನೆ ಓಡುತ್ತದೆ. ಜೀಪಿನ ಮೊದಲ ಗೇರಿನಂತೆ ಎಂಜಿನ್ ತಡೆದೀತು ಎಂದು ನಂಬಬೇಡಿ. ಇಳಿಜಾರಿನ ತಲೆಯಿಂದಲೇ ಬ್ರೇಕ್ ಹಗುರಾಗಿ ಹಿಡಿದುಕೊಂಡು, ಹಿಂದೆ ಸರಿದು ಕುಳಿತು ಇಳಿಯಿರಿ. ತೋಡಿನ ನೀರು ದಾಟಿ ಬಂದಿದ್ದರೆ ಡ್ರಮ್ ಬ್ರೇಕ್ ಒದ್ದೆಯಾಗಿರುತ್ತದೆ, ಸಮತಟ್ಟಿನಲ್ಲಿ ನಾಲ್ಕು ಸಲ ಒತ್ತಿ ಒಣಗಿಸಿ ನೋಡಿ.

ಎಂಜಿನ್ ಮುಗ್ಗರಿಸುವುದಕ್ಕೆ ನನ್ನ ಸಂಶಯ ಏರ್ ಫಿಲ್ಟರಿನ ಮೇಲೆ. ಸೀಟು ಎತ್ತಿ ಪೆಟ್ಟಿಗೆ ತೆರೆಯಿರಿ. ಒಳಗಿನ ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಯಿಲಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಹಾಕಿ. ಪೆಟ್ರೋಲಿನಲ್ಲಿ ತೊಳೆಯಬೇಡಿ, ಸ್ಪಂಜು ಪುಡಿಯಾಗುತ್ತದೆ. ಅದು ಸರಿ ಇದ್ದರೆ ಕಾರ್ಬ್ಯುರೇಟರಿನ ಅಡಿಯ ಸ್ಕ್ರೂ ಬಿಚ್ಚಿ ಹಳೆಯ ಪೆಟ್ರೋಲ್ ಇಳಿಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಗಾಡಿ ನಿಂತೇ ಇದ್ದರೆ ತಳದಲ್ಲಿ ನೀರು ಸಿಗುತ್ತದೆ.

ಚೈನ್, ಚಕ್ರದ ನಟ್ಟು, ಆಕ್ಸಲಿನ ತುದಿಯ ಸ್ಪ್ಲಿಟ್ ಪಿನ್ ಇವುಗಳನ್ನು ವಾರಕ್ಕೊಮ್ಮೆ ಕೈ ಹಾಕಿ ನೋಡಿದರೆ ಸಾಕು. ಬೇಸಿಗೆಯಲ್ಲಿ ಮಾತ್ರ ಒಂದು ಕೆಲಸ ದಿನವೂ ಮಾಡಿ: ಸೈಲೆನ್ಸರಿನ ಸುತ್ತ ಸೇರಿಕೊಂಡ ಸೋಗೆಯ ಚೂರು, ಮುಳಿಹುಲ್ಲು ಎಲ್ಲ ಎಳೆದು ತೆಗೆಯಿರಿ. ಒಣ ಹುಲ್ಲಿನ ಗುಡ್ಡದಲ್ಲಿ ಬಿಸಿ ಸೈಲೆನ್ಸರ್ ಇಟ್ಟು ನಿಲ್ಲಿಸಲೂ ಬೇಡಿ. ಮೈಲುತುತ್ತದ ನೀರು ಚೆಲ್ಲಿದರೆ ಆಗಲೇ ತೊಳೆಯಿರಿ, ಅದು ಕಬ್ಬಿಣವನ್ನು ತಿನ್ನುತ್ತದೆ. ನನ್ನ ಗಾಡಿಯ ಫ್ರೇಮಿನಲ್ಲಿ ಆ ಆಟಿಯ ಗುರುತು ಇನ್ನೂ ಇದೆ.

ಗೊನೆ ಹೇರುವ ವಿಚಾರ: ಕ್ಯಾರಿಯರಿನಲ್ಲಿ ಬರೆದಷ್ಟೇ, ಅದೂ ತಗ್ಗಿನಲ್ಲಿ ಬಿಗಿದು ಕಟ್ಟಿ. ಉಳಿದದ್ದಕ್ಕೆ ಕೈಗಾಡಿ ಇದೆಯಲ್ಲ.

ಕೊಡಿಯಾಲಬೈಲಿನಿಂದ

ಸ್ಪ್ಯಾನರ್ ಅಣ್ಣ ಯಂತ್ರದ ಕಡೆ ಎಲ್ಲ ಹೇಳಿಬಿಟ್ಟರು, ಡೇರಿಯ ಪ್ರಶ್ನೆ ಬಿಟ್ಟಿದ್ದಾರೆ. ನಾನು ವಿಮೆಯ ಕೆಲಸದವನು, ಅದನ್ನು ನಾನು ಹೇಳುತ್ತೇನೆ. ಈ ಗಾಡಿಗಳನ್ನು ರಸ್ತೆಗೆಂದು ಮಾರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಪ್ರಕಾರ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ, ಪಂಚಾಯತ್ ರಸ್ತೆಯೂ ಅದರಲ್ಲಿ ಬಂತು. 146ನೇ ಕಲಂ ಹೇಳುವ ಮೂರನೇ ವ್ಯಕ್ತಿಯ ವಿಮೆಯೂ ನಿಮ್ಮಲ್ಲಿಲ್ಲ. ಡೇರಿಯ ಮುಂದೆ ಯಾರದ್ದೋ ದನಕ್ಕೋ ಮಗುವಿಗೋ ತಾಗಿದರೆ ಪರಿಹಾರ ನಿಮ್ಮ ಜೇಬಿನಿಂದ. ಹುಡುಗಿಯ ಕೈಗೆ ರಸ್ತೆಯಲ್ಲಿ ಹ್ಯಾಂಡಲ್ ಕೊಟ್ಟರಂತೂ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಇದೆ: ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಟೈರುಗಳೂ ಡಾಂಬರಿಗೆ ಹೇಳಿದವಲ್ಲ.

ಇನ್ನೊಂದು ಮಾತು. ನನ್ನ ತಮ್ಮ ಆಸ್ಟ್ರೇಲಿಯಾದ ಹಸು ಫಾರ್ಮಿನಲ್ಲಿದ್ದಾನೆ. ಅಲ್ಲಿ 2021ರ ಅಕ್ಟೋಬರಿನಿಂದ ಮಾರಾಟವಾಗುವ ಕೃಷಿ ಬಳಕೆಯ ಹೊಸ ಕ್ವಾಡ್ ಬೈಕುಗಳಿಗೆ (ಎಟಿವಿಗೆ ಅಲ್ಲಿಯ ಹೆಸರು), ಮಗುಚಿದರೆ ಸವಾರ ಅಡಿಯಲ್ಲಿ ಸಿಕ್ಕಿಬೀಳದ ಹಾಗೆ ರಕ್ಷಣೆಯ ಸಾಧನ ಕಡ್ಡಾಯ. ಸೀಟಿನ ಹಿಂದೆ ಕಮಾನಿನಂತೆ ನಿಂತಿರುತ್ತದೆ. ಉಡುಪಿಯಲ್ಲಿ ಬೆಸುಗೆಯವರಿಂದ ಅಂಥದ್ದೊಂದು ಮಾಡಿಸಿದರೆ ಹೇಗೆ?

ಪೆರ್ಡೂರಿನ ಹಳೇ ಸ್ಪ್ಯಾನರ್

ಬೇಡ ಎಂದೇ ನನ್ನ ಅಭಿಪ್ರಾಯ. ಅಲ್ಲಿಯದ್ದು ದೊಡ್ಡ ಗಾಡಿ, ಪರೀಕ್ಷೆ ಮಾಡಿ ತಯಾರಿಸಿದ ಸಾಧನ. ನಮ್ಮವರು ಗೇಟಿಗೆ ಹಾಕುವ ಪೈಪನ್ನೇ ಬಗ್ಗಿಸಿ ಕೂರಿಸುತ್ತಾರೆ. ಇಷ್ಟು ಚಿಕ್ಕ ಗಾಡಿಯ ತಲೆಯ ಮೇಲೆ ಹತ್ತು ಹದಿನೈದು ಕಿಲೋ ಕಬ್ಬಿಣ ಕೂತರೆ ಅದು ಮಗುಚುವುದು ಇನ್ನೂ ಬೇಗ. ಬೆಸುಗೆಯೂ ಬಿಟ್ಟರೆ ಪೈಪು ಬೆನ್ನಿಗೇ ಬರುತ್ತದೆ.

ಮಗಳ ವಿಷಯ: ಆ ಉದ್ದ ಸೀಟು ಇಬ್ಬರಿಗಲ್ಲ, ಓಡಿಸುವವರು ಹಿಂದೆ ಮುಂದೆ ಸರಿಯಲಿಕ್ಕೆ. ಮಗು ಹಿಂದೆ ಕುಳಿತರೆ ನೀವು ಸರಿಯುವುದೆಲ್ಲಿಗೆ? ಅವಳೇ ಓಡಿಸುವ ಮಾತೂ ಈಗ ಬೇಡ. ಅಮೆರಿಕದಲ್ಲಿ 1988ರಲ್ಲಿ ಸರಕಾರಕ್ಕೂ ತಯಾರಕರಿಗೂ ಆದ ಒಪ್ಪಂದದಲ್ಲೇ, 90 ಸಿಸಿಗಿಂತ ದೊಡ್ಡ ಗಾಡಿ 16 ವರ್ಷದೊಳಗಿನವರಿಗೆ ಬೇಡ ಎಂದಾಗಿತ್ತು. ಮೂರು ಚಕ್ರದ ಎಟಿವಿಗಳ ಮಾರಾಟ ಅಲ್ಲಿ ನಿಂತದ್ದೂ ಅದೇ ಒಪ್ಪಂದದಿಂದ.

ತಂದೆಯವರಿಗೆ ಅಂಗಳದಲ್ಲಿ ಮಾತ್ರ ಕೊಡಿ. ಹೆಬ್ಬೆರಳಿನ ಆಕ್ಸಿಲರೇಟರ್ ಡಬ್ಬಿಯಲ್ಲಿ ವೇಗ ತಡೆಯುವ ಸಣ್ಣ ಸ್ಕ್ರೂ ಒಂದಿರುತ್ತದೆ, ಒಳಕ್ಕೆ ತಿರುಗಿಸಿಟ್ಟರೆ ಎಷ್ಟೇ ಒತ್ತಿದರೂ ನಡಿಗೆಯ ವೇಗ. ತಿರುಗಿಸಿದ್ದನ್ನು ಅವರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಹಿರಿಯಡ್ಕದ ತೋಟದವ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಸ್ಪ್ಯಾನರ್ ಅಣ್ಣ, ಏರ್ ಫಿಲ್ಟರ್ ಪೆಟ್ಟಿಗೆ ತೆರೆದರೆ ಒಳಗೆ ಇಲಿಯ ಸಂಸಾರ. ಅಡಿಕೆ ಸಿಪ್ಪೆಯ ನಾರು, ಮಗಳ ಕಳೆದುಹೋದ ರಿಬ್ಬನ್, ಕಣ್ಣು ಬಿಡದ ನಾಲ್ಕು ಮರಿ. ಸ್ಪಂಜಿನ ಅರ್ಧವನ್ನು ಹಾಸಿಗೆ ಮಾಡಿಕೊಂಡಿದ್ದವು. ಉಡುಪಿಯಲ್ಲಿ ಹೊಸ ಸ್ಪಂಜು ಸಿಗಲಿಲ್ಲ, ತರಿಸಿ ಹಾಕಿದ ಮೇಲೆ ಏರಿನಲ್ಲಿ ಒಮ್ಮೆಯೂ ನಿಂತಿಲ್ಲ. ಟೈರಿಗೆ ಈಗ ನಾಲ್ಕೂವರೆ ಗಾಳಿ. ಎಂಟು ಸುತ್ತುವ ಅಭ್ಯಾಸ ಆರನೆಯ ದಿನಕ್ಕೆ ಕೈಗೆ ಬಂತು, ಆದರೆ ಗಾಡಿ ವಾಲಿದಾಗ ಎಡಗಾಲು ಈಗಲೂ ಒಮ್ಮೊಮ್ಮೆ ತಾನಾಗಿ ಕೆಳಗೆ ಹೋಗುತ್ತದೆ. ಅದು ಬಿಡುವವರೆಗೆ ಗುಡ್ಡಕ್ಕೆ ಅಡ್ಡ ಹೋಗುವ ದಾರಿ ಬಂದ್. ಹಾಲು ಹಿಂದಿನಂತೆ ಸ್ಕೂಟರಿನಲ್ಲೇ ಹೋಗುತ್ತಿದೆ.

ತಂದೆಯವರು ಅಂಗಳದಲ್ಲಿ ಸುತ್ತುತ್ತಿದ್ದಾರೆ. ಗಾಡಿಗೆ ಶಕ್ತಿ ಸಾಲದು, ಭಾವ ನಮಗೆ ಮೋಸ ಮಾಡಿದ ಎನ್ನುತ್ತಾರೆ. ಸ್ಕ್ರೂವಿನ ವಿಷಯ ನಾನು ಹೇಳಿಲ್ಲ. ಹೆಲ್ಮೆಟ್ ಒಂದೇ ಈಗ ಉಳಿದ ಜಗಳ. ತಲೆಯ ಮೇಲಿನ ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ) ತೆಗೆಯಲು ಅವರು ಒಪ್ಪುತ್ತಿಲ್ಲ, ಅದರ ಮೇಲೆಯೇ ಕೂರುವಷ್ಟು ದೊಡ್ಡ ಹೆಲ್ಮೆಟ್ ತಾ ಎನ್ನುತ್ತಿದ್ದಾರೆ.