ಸಫಾರಿಗೆ ಕೊಡುವ ಹಣದಲ್ಲಿ ಕಾಡಂಚಿನವರ ಪಾಲೆಷ್ಟು?

ಪ್ರಶ್ನೆ – ಬಿಜೈ ನಿವಾಸಿ, ಮಂಗಳೂರು

ಬ್ಯಾಂಕಿನಲ್ಲಿ ಒಟ್ಟಿಗೆ ದುಡಿದು ನಿವೃತ್ತರಾದ ನಾವು 11 ಮಂದಿ ವರ್ಷಕ್ಕೊಮ್ಮೆ ಪ್ರವಾಸ ಹೊರಡುತ್ತೇವೆ. ಈ ಸಲ ಸಫಾರಿ ಎಂದು ತೀರ್ಮಾನವಾಗಿದೆ. ಕೆಲವರು ಕಬಿನಿ ಎನ್ನುತ್ತಾರೆ, ಕೆಲವರು ಮೊಣಕಾಲು ಗಟ್ಟಿಯಿರುವಾಗಲೇ ಕೀನ್ಯಾದ ಮಸಾಯಿ ಮಾರವನ್ನು ನೋಡಿಬಿಡೋಣ ಎನ್ನುತ್ತಾರೆ.

ನನ್ನ ತಕರಾರು ಬೇರೆ. ಕೆಲವು ವರ್ಷಗಳ ಹಿಂದೆ ಎಚ್.ಡಿ. ಕೋಟೆ ಕಡೆಯ ಒಂದು ರೆಸಾರ್ಟಿನಲ್ಲಿ ತಂಗಿದ್ದಾಗ, ತಿಂಡಿಯ ಮೇಜಿನ ಮೇಲಿದ್ದ ಜೇನಿನ ಬಾಟಲಿಯನ್ನು ತಿರುಗಿಸಿ ನೋಡಿದೆ. ಅದು ಉತ್ತರ ಭಾರತದ ಯಾವುದೋ ಕಾರ್ಖಾನೆಯಲ್ಲಿ ತುಂಬಿಸಿದ್ದು. ಜೇನು ಕುರುಬ ಆದಿವಾಸಿಗಳು ವಾಸಿಸುವ ಹಾಡಿಯಾದರೋ ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು. ರಾತ್ರಿ ಅದೇ ಹಾಡಿಯ ಹೆಂಗಸರನ್ನು ಕರೆಸಿ ಬೆಂಕಿಯ ಸುತ್ತ ಅರ್ಧ ಗಂಟೆ ಕುಣಿಸಿದರು. ಕುಣಿತ ಮುಗಿದದ್ದೇ ಅವರು ಹಿಂದಿನ ಗೇಟಿನಿಂದ ಹೊರಟುಹೋದರು, ನಾವು ಊಟಕ್ಕೆ ಎದ್ದೆವು. ಮರುದಿನದ ಬಿಲ್ಲಿನಲ್ಲಿ ಸ್ಥಳೀಯ ಸಮುದಾಯಕ್ಕೆ ನೆರವು ಎಂಬ ಒಂದು ಸಾಲೂ ಇತ್ತು. ಜೀವಮಾನವಿಡೀ ಲೆಡ್ಜರ್ ನೋಡಿದವನಿಗೆ ಆ ಸಾಲಿನ ವೋಚರ್ ಎಲ್ಲಿದೆ ಎಂದು ಕೇಳುವ ಚಪಲ. ಹೊಣೆಯರಿತ ಸಫಾರಿ ಎಂಬುದು ನಿಜಕ್ಕೂ ಇದೆಯೇ? ಇದ್ದರೆ ಮುಂಗಡ ಕೊಡುವ ಮೊದಲು ನಾವು ಏನನ್ನು ವಿಚಾರಿಸಬೇಕು?

ಉತ್ತರ 1 – ಕಲ್ಯಾಣಪುರ, ಉಡುಪಿ

ನೈರೋಬಿಯಲ್ಲಿ 14 ವರ್ಷ ಲೆಕ್ಕಪತ್ರದ ಕೆಲಸದಲ್ಲಿದ್ದೆನಾದ್ದರಿಂದ ಮಾರದ ಬಗ್ಗೆ ಮಾತ್ರ ಹೇಳಬಲ್ಲೆ. ಅಲ್ಲಿ ಎರಡು ಬಗೆಯ ನೆಲವಿದೆ. ಒಂದು ನಾರೋಕ್ ಕೌಂಟಿ, ಎಂದರೆ ಅಲ್ಲಿನ ಜಿಲ್ಲಾ ಸರ್ಕಾರದ ಆಡಳಿತದಲ್ಲಿರುವ ಮೀಸಲು ಪ್ರದೇಶ. 2024ರಿಂದ ಅಲ್ಲಿ ಜುಲೈಯಿಂದ ಡಿಸೆಂಬರ್‌ವರೆಗೆ ವಿದೇಶಿಯರಿಗೆ ದಿನದ ಪ್ರವೇಶ ಶುಲ್ಕವೇ 200 ಡಾಲರ್. ಆ ಹಣ ಕೌಂಟಿಯ ಬೊಕ್ಕಸಕ್ಕೆ ಹೋಗುತ್ತದೆ. ಇನ್ನೊಂದು, ಅದರ ಅಂಚಿನಲ್ಲಿರುವ ಕನ್ಸರ್ವೆನ್ಸಿಗಳು. ದನಗಾಹಿಗಳಾದ ಮಸಾಯಿ ಕುಟುಂಬಗಳು ತಮ್ಮ ಪಟ್ಟಾ ಭೂಮಿಗಳನ್ನು ಬೇಲಿ ಹಾಕದೆ ಒಟ್ಟುಗೂಡಿಸಿ ಪ್ರವಾಸಿ ಕ್ಯಾಂಪ್‌ಗಳಿಗೆ ಗೇಣಿಗೆ ಕೊಡುತ್ತವೆ. ಎಷ್ಟು ಎಕರೆಯೋ ಅಷ್ಟಕ್ಕೆ ಲೆಕ್ಕ ಹಾಕಿ, ಪ್ರವಾಸಿಗರು ಹೆಚ್ಚು ಬರಲಿ ಕಡಿಮೆ ಬರಲಿ, ನಿಗದಿಯಾದ ಮೊತ್ತವು ಅವರ ಖಾತೆಗೆ ಸೇರುತ್ತದೆ.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. 1974ರ ಭೂಸುಧಾರಣೆಗೆ ಮುಂಚೆ ಇಲ್ಲಿ ಒಕ್ಕಲು ಧಣಿಗೆ ಗೇಣಿ ಅಳೆಯುತ್ತಿದ್ದ; ಅಲ್ಲಿ ದನ ಕಾಯುವವನೇ ಧಣಿ, ಹೋಟೆಲಿನವನು ಒಕ್ಕಲು. ಓಲಾರೆ ಮೊಟೊರೊಗಿ ಎಂಬ ಕನ್ಸರ್ವೆನ್ಸಿಯಲ್ಲಿ 700 ಎಕರೆಗೆ ಒಂದೇ ಟೆಂಟ್ ಎಂಬ ಮಿತಿಯಿರುವುದರಿಂದ ಒಂದು ಸಿಂಹದ ಸುತ್ತ 20 ವಾಹನಗಳು ಮುತ್ತಿಕೊಳ್ಳುವ ದೃಶ್ಯ ಅಲ್ಲಿಲ್ಲ. ನಿಯಮಕ್ಕೆ ಒಳಪಟ್ಟು ದನ ಮೇಯಿಸಲೂ ಅವಕಾಶವಿದೆ. ಆದರೆ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ. ಪಟ್ಟಾ ಬಹುಪಾಲು ಗಂಡಸರ ಹೆಸರಿನಲ್ಲಿದೆ, ಪಟ್ಟಾ ಇಲ್ಲದವನಿಗೆ ಗೇಣಿಯೂ ಇಲ್ಲ. 2020ರಲ್ಲಿ ಕೋವಿಡ್ ಬಂದು ಕ್ಯಾಂಪ್‌ಗಳು ಮುಚ್ಚಿದಾಗ ನಿಗದಿಯಾದ ಗೇಣಿಗೂ ಕತ್ತರಿ ಬಿತ್ತು.

ಉತ್ತರ 2 – ಮಣಿಪಾಲದ ಓದುಗ

ಕೀನ್ಯಾದ ಮಾದರಿಯನ್ನು ಕಬಿನಿಗೆ ಹೊಂದಿಸಲು ಬರುವುದಿಲ್ಲ, ಏಕೆಂದರೆ ಇಲ್ಲಿ ಕಾಡು ಸರ್ಕಾರದ್ದು, ಹಾಡಿಯವರ ಕೈಯಲ್ಲಿ ಗೇಣಿಗೆ ಕೊಡಲು ನೆಲವೇ ಇಲ್ಲ. ನಾಗರಹೊಳೆಯೊಳಗಿನ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲೊಂದು ಏಳುವುದರಲ್ಲಿದ್ದಾಗ ಆದಿವಾಸಿಗಳು ಅದನ್ನು ವಿರೋಧಿಸಿ ಹೋರಾಡಬೇಕಾಯಿತು. 1997ರಲ್ಲಿ ಹೈಕೋರ್ಟ್ ಅದಕ್ಕೆ ತಡೆ ಹಾಕಿತು. ಅಂದರೆ ಅವರಿಗೆ ಬೇಡ ಎನ್ನುವುದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಹಣದ ದಾರಿ ಹೀಗಿದೆ. ಕಬಿನಿ ಕಡೆ ನೀವು ಖಾಸಗಿ ರೆಸಾರ್ಟಿನಲ್ಲಿ ಉಳಿದರೂ ಸಫಾರಿ ವಾಹನ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್‌ನದು. ಕೋಣೆಯ ಬಾಡಿಗೆ ಮಾತ್ರ ರೆಸಾರ್ಟಿಗೆ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯಂತೆ ಹುಲಿ ಮೀಸಲು ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿವೆ, ಸುತ್ತಲಿನ ಜನರ ಅಭಿವೃದ್ಧಿಯೂ ಅವುಗಳ ಉದ್ದೇಶಗಳಲ್ಲೊಂದು. ಆದರೆ ಪ್ರತಿಷ್ಠಾನದಿಂದ ಹಾಡಿಗೆ ಸೋಲಾರ್ ದೀಪ ಬರುವುದಕ್ಕೂ ಹಾಡಿಯವನೇ ಪಾಲುದಾರನಾಗುವುದಕ್ಕೂ ಅಜಗಜಾಂತರವಿದೆ. ಹೋಲಿಕೆಗೆ ರುವಾಂಡವನ್ನು ನೋಡಿ: ಉದ್ಯಾನಗಳ ಪ್ರವಾಸೋದ್ಯಮ ಆದಾಯದಲ್ಲಿ ಶೇ. 5ರಷ್ಟನ್ನು ಸುತ್ತಲಿನ ಊರುಗಳಿಗೆ ಕೊಡುತ್ತಿದ್ದವರು, 2017ರಲ್ಲಿ ಗೊರಿಲ್ಲಾ ನೋಡುವ ಪರವಾನಗಿಯನ್ನು 1,500 ಡಾಲರ್‌ಗೆ ಏರಿಸಿದಾಗ ಆ ಪಾಲನ್ನೂ ಶೇ. 10ಕ್ಕೆ ಏರಿಸಿದರು. ಪಾಲು ಎಷ್ಟೆಂದು ಮೊದಲೇ ಬರೆದಿಟ್ಟಿದ್ದರೆ ಜನ ಅದನ್ನು ಹಕ್ಕಿನಿಂದ ಕೇಳಬಹುದು.

ನನ್ನ ಸಲಹೆ ಕೇಳುವುದಾದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ ಆದಿವಾಸಿಗಳಾದ ಸೋಲಿಗರಿಗೆ ಕಾಡಿನ ಮೇಲೆ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶವೊಂದರೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅಲ್ಲಿನ ಕ್ಯಾತದೇವರಗುಡಿಯಲ್ಲಿ ಸಫಾರಿ ಇದೆ. ಸೋಲಿಗರು ತಮ್ಮ ಪೋಡು, ಎಂದರೆ ಹಾಡಿಗಳಲ್ಲಿ ಕಾಫಿ ಬೆಳೆಯುತ್ತಾರೆ, ಜೇನು ತೆಗೆಯುತ್ತಾರೆ. ಅದನ್ನು ಅವರಿಂದಲೇ ಕೊಂಡರೆ ನಿಮ್ಮ ವೋಚರ್ ನಿಮ್ಮ ಕೈಯಲ್ಲೇ ಇರುತ್ತದೆ.

ಉತ್ತರ 3 – ಹೆಬ್ರಿಯಿಂದ

ನಾನು ಮಲೆಕುಡಿಯ ಸಮುದಾಯದವನು. ಸೋಮೇಶ್ವರ ಅಭಯಾರಣ್ಯದ ಅಂಚಿನಲ್ಲಿ ನಮ್ಮ ಮನೆ, ಚಾರಣಕ್ಕೆ ಬರುವವರಿಗೆ ಆಗಾಗ ದಾರಿ ತೋರಿಸಲು ಹೋಗುತ್ತೇನೆ. ಮೇಲಿನ ಇಬ್ಬರು ಬರೆದದ್ದು ಸರಿಯೇ, ಆದರೆ ಒಂದು ಸಂಗತಿ ಬಿಟ್ಟುಹೋಗಿದೆ. ಪ್ರವಾಸಿಗರಿಂದ ಸಂಪಾದನೆ ಆಗುವುದು ಊರಿನ ನಾಲ್ಕು ಮನೆಗಳಿಗೆ. ಕಾಡುಹಂದಿ ನುಗ್ಗುವುದು ನಲವತ್ತು ಮನೆಗಳವರ ಗದ್ದೆಗೆ. ಜೀಪು ಓಡಿಸುವವನಿಗೆ ಕಾಡು ಉಳಿಯಬೇಕು ಅನ್ನಿಸುತ್ತದೆ, ಪಕ್ಕದ ಮನೆಯವನಿಗೆ ಯಾಕೆ ಅನ್ನಿಸಬೇಕು? 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಜನ ಮೊದಲು ಸಿಟ್ಟಾದದ್ದು ಸಫಾರಿಯ ಮೇಲೆ. ಸರ್ಕಾರವು ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ನಿಲ್ಲಿಸಿತು. ಸಫಾರಿಯ ಲಾಭದಲ್ಲಿ ಆ ರೈತರಿಗೂ ಪಾಲಿದ್ದಿದ್ದರೆ ಮಾತು ಬೇರೆಯಿರುತ್ತಿತ್ತೇನೋ. ಆದ್ದರಿಂದ ಪಾಲು ಎಂದರೆ ಸಂಬಳಕ್ಕಿರುವವರ ಪಾಲು ಮಾತ್ರವಲ್ಲ, ಬೆಳೆ ಕಳೆದುಕೊಂಡವನಿಗೆ ಬೇಗ ಪರಿಹಾರ ಸಿಗುವ ಏರ್ಪಾಡೂ ಅದರಲ್ಲಿ ಸೇರಬೇಕು.

ಹಾಗೆಯೇ ದಯವಿಟ್ಟು ಹುಲಿ ತೋರಿಸಿದರೆ ಇಷ್ಟು ಕೊಡುತ್ತೇನೆ ಎಂದು ಚಾಲಕನಿಗೆ ಆಸೆ ಹಚ್ಚಬೇಡಿ. ಅವನು ದಾರಿ ಬಿಟ್ಟು ವಾಹನ ಇಳಿಸಿದರೆ ಕೆಲಸ ಹೋಗುವುದು ಅವನದು, ನೀವು ಮರುದಿನ ಊರಿಗೆ ಮರಳಿರುತ್ತೀರಿ. ದಾರಿ ತೋರಿಸುವವನ ಕೂಲಿಯನ್ನು ಏಜೆಂಟನ ಮೂಲಕ ಅಲ್ಲ, ಅವನ ಕೈಗೇ ಕೊಡಿ. ಮಳೆಗಾಲದ ನಾಲ್ಕು ತಿಂಗಳು ನಮಗೆ ಈ ಕೆಲಸ ಇರುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರ ಮರುಬರಹ – ಬಿಜೈ ನಿವಾಸಿ

ಮೂವರಿಗೂ ವಂದನೆಗಳು. ನಿಮ್ಮ ಮಾತುಗಳನ್ನು ನಮ್ಮ ಬಳಗಕ್ಕೆ ಓದಿ ಹೇಳಿದೆ. ಮಾರಕ್ಕೆ ಹೋಗಲೇಬೇಕೆಂದು ಮೂವರು ಹಟ ಹಿಡಿದಿದ್ದಾರೆ. ಕನ್ಸರ್ವೆನ್ಸಿಯೊಳಗಿನ ಕ್ಯಾಂಪನ್ನೇ ಆಯ್ದುಕೊಳ್ಳಿ, ಗೇಣಿಯ ಕರಾರಿನ ಬಗ್ಗೆ ಲಿಖಿತವಾಗಿ ಕೇಳಿ ಎಂದು ಅವರಿಗೆ ಹೇಳಿದ್ದೇನೆ. ಉಳಿದ ಎಂಟು ಮಂದಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದೇವೆ. ಏಜೆಂಟರಿಗೆ ನಾಲ್ಕು ಪ್ರಶ್ನೆ ಕಳುಹಿಸಿದೆ: ಕೆಲಸಕ್ಕಿರುವವರಲ್ಲಿ ಸುತ್ತಲಿನ ಊರಿನವರು ಎಷ್ಟು ಮಂದಿ, ಅವರಿಗೆ ವರ್ಷವಿಡೀ ಸಂಬಳವುಂಟೇ, ಅಡುಗೆಮನೆಯ ರಾಗಿ, ತರಕಾರಿ, ಜೇನು ಎಲ್ಲಿಂದ ಬರುತ್ತದೆ, ಕುಣಿತದವರಿಗೆ ಕೊಡುವುದೆಷ್ಟು. ಎರಡಕ್ಕೆ ಉತ್ತರ ಬಂದಿದೆ. ಕುಣಿತದ ಪ್ರಶ್ನೆಗೆ, ನಿಮಗೆ ಬೇಡವಾದರೆ ಪ್ಯಾಕೇಜಿನಿಂದ ಅದನ್ನು ತೆಗೆಯುತ್ತೇವೆ ಎಂದು ಬರೆದಿದ್ದಾರೆ. ಅದು ನಾನು ಕೇಳಿದ್ದಕ್ಕೆ ಉತ್ತರವಲ್ಲವಾದ್ದರಿಂದ ಇನ್ನೊಮ್ಮೆ ಬರೆದಿದ್ದೇನೆ, ಮುಂಗಡ ಇನ್ನೂ ಕಳುಹಿಸಿಲ್ಲ.

ಹೆಬ್ರಿಯವರೇ, ಅರುವತ್ತು ದಾಟಿದವರು ನಡೆಯಬಹುದಾದ ಒಂದು ದಿನದ ದಾರಿ ಸೀತಾನದಿಯ ಆಸುಪಾಸಿನಲ್ಲಿ ಇದ್ದರೆ ತಿಳಿಸಿ. ಬೆಟ್ಟಕ್ಕೆ ಹೋಗುವ ಮೊದಲು ಅಭ್ಯಾಸಕ್ಕೆಂದು ಒಂದು ಭಾನುವಾರ ಬರುತ್ತೇವೆ, ಬುತ್ತಿ ನಮ್ಮದೇ ಇರುತ್ತದೆ.